ಎಡಕ್ಕೆ ಮುಕ್ಕಾಲು ಇಂಚು

ಆಳಂದ
24 ಜೂನ್ 2024

ಅಕ್ಕನಿಗೆ ಜೈಭೀಮ.

ಪತ್ರ ಕಂಡು ಗಾಬರಿಯಾಗಬೇಡ. ಇದು ಫೋನಿನಲ್ಲಿ ಹೇಳಲಾಗದ ಮಾತು. ನಮ್ಮದು ಎರಡು ಕೋಣೆಯ ಮನೆ, ಎಲ್ಲಿ ನಿಂತು ಮಾತಾಡಿದರೂ ಮನೀಷಾಳಿಗೆ ಕೇಳಿಸುತ್ತದೆ. ಮೆಸೇಜು ಕಳಿಸೋಣವೆಂದರೆ ಫೋನು ಅರ್ಧ ದಿನ ಅವಳ ಕೈಯಲ್ಲೇ ಇರುತ್ತದೆ. ಅದಕ್ಕೆ ನನ್ನ ಶಾಲೆಯಲ್ಲಿ, ಮಕ್ಕಳು ಊಟಕ್ಕೆ ಕುಳಿತಾಗ, ಬರೆಯುತ್ತಿದ್ದೇನೆ. ನೀನೂ ಉತ್ತರವನ್ನು ಶಾಲೆಯ ವಿಳಾಸಕ್ಕೇ ಬರೆ. ‘ಪ್ರಮಿಲಾ ಟೀಚರ್’ ಎಂದು ಬರೆದರೆ ಸಾಕು.

ಹೋದ ವಾರ ಮನೀಷಾಳ ಹೈಸ್ಕೂಲಿಗೆ ಆರೋಗ್ಯ ತಪಾಸಣೆಯವರು ಬಂದಿದ್ದರು. ಎಂಟನೇ ತರಗತಿಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಕೈ ಜೋಡಿಸಿ ಮುಂದಕ್ಕೆ ಬಾಗಲು ಹೇಳಿದರಂತೆ. ಇವಳು ಬಾಗಿದಾಗ ಬೆನ್ನಿನ ಬಲಭಾಗ ಮಾತ್ರ ಮೇಲೆ ಎದ್ದು ನಿಂತಿತು. ಚೀಟಿ ಬರೆದು ಕಳಿಸಿದರು. ಕಲಬುರಗಿಯಲ್ಲಿ ಎಕ್ಸರೇ ತೆಗೆಸಿದೆವು. ಬೆನ್ನೆಲುಬು ಪಕ್ಕಕ್ಕೆ ಬಾಗಿದೆ. ನಲವತ್ತಾರು ಡಿಗ್ರಿ. ಇದಕ್ಕೆ ಸ್ಕೋಲಿಯೋಸಿಸ್ ಎನ್ನುತ್ತಾರೆ. ಯಾಕೆ ಬರುತ್ತದೆಂದು ಹೇಳಲಾಗುವುದಿಲ್ಲ, ಯಾರ ತಪ್ಪೂ ಅಲ್ಲ ಎಂದರು.

ಎಕ್ಸರೇ ಬೆಳಕಿಗೆ ಹಿಡಿದಾಗ ಮೊದಲು ಮಾತಾಡಿದವಳು ಅವಳೇ. “ಅವ್ವಾ, ಮಣ್ಣೂರ ಹತ್ರ ಭೀಮಾ ಹೊಳಿ ಹೊರಳಿದಂಗ ಹೊರಳ್ಯದ ನೋಡು,” ಅಂದಳು. ಎಕ್ಸರೇ ತೆಗೆದವರು ನಕ್ಕರು. ನಾನು ಗೋಡೆ ನೋಡುತ್ತ ನಿಂತೆ.

ಇಬ್ಬರು ಡಾಕ್ಟರಿಗೆ ತೋರಿಸಿದ್ದೇವೆ. ಸೊಲ್ಲಾಪುರದವರು ಎಕ್ಸರೇ ನೋಡಿದ ಕೂಡಲೇ, “ಆಪರೇಷನ್ ಬೇಕೇ ಬೇಕ್ರಿ. ಎಲುಬು ಎಳೇದಿರುವಾಗ ಮಾಡಿದ್ರ ಛಂದ ಕೂಡ್ತದ,” ಎಂದರು. ಬೆನ್ನಿನ ಉದ್ದಕ್ಕೂ ಕೊಯ್ದು, ಎರಡು ಕಡೆ ಲೋಹದ ಸಲಾಕೆ ಕೂರಿಸಿ, ಸ್ಕ್ರೂ ಹಾಕಿ ಬಿಗಿಯುತ್ತಾರಂತೆ. ಕಲಬುರಗಿಯವರು ಬೇರೆ ಹೇಳಿದರು. “ನಲವತ್ತಾರು ಅಂದ್ರ ಗಡಿ ಮ್ಯಾಲ ನಿಂತಂಗ. ಅದು ಇನ್ನೂ ನಡ್ಯಾಕತ್ತದೋ, ನಿಂತುಬಿಟ್ಟದೋ, ಅದ ಮುಖ್ಯ. ನಿಂತಿದ್ರ ಸುಮ್ಮನ ಯಾಕ ಕೊಯ್ಯಬೇಕು? ನಡ್ಯಾಕತ್ತಿದ್ರ ಒಂದು ದಿನಾನೂ ಕಾಯಬಾರ್ದು. ಹಿಂದಿನ ಎಕ್ಸರೇ ಅವ ಏನ್ರಿ?”

ಇಲ್ಲ. ಎಲ್ಲಿಂದ ಬರಬೇಕು?

ಯಾವಾಗ ಶುರುವಾಯಿತು ಎಂದು ಕೇಳಿದರು. ದೊಡ್ಡವಳಾದ ಮೇಲೆ ಅವಳು ಬಾಗಿಲು ಹಾಕಿಕೊಂಡೇ ಸ್ನಾನ ಮಾಡುತ್ತಾಳೆ. ಎರಡು ವರ್ಷದಿಂದ ನನ್ನ ಮಗಳ ಬೆನ್ನನ್ನು ನಾನು ನೋಡಿಯೇ ಇಲ್ಲ. ಬಟ್ಟೆಯ ಮೇಲಂತೂ ಏನೂ ಕಾಣುತ್ತಿರಲಿಲ್ಲ. ನೀನು ಹೊಲಿದದ್ದು ಅವಳ ಮೈಮೇಲೆ ಯಾವಾಗಲೂ ನೆಟ್ಟಗೆ ಕೂರುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ವರ್ಷಕ್ಕೆ ಎರಡು ಸಲ ಅವಳ ಅಳತೆ ತೆಗೆಯುವವಳು ನೀನು. ನಿನ್ನ ಕೈಗೆ ಏನಾದರೂ ಗೊತ್ತಾಗಿತ್ತೇ? ನೆನಪು ಮಾಡಿಕೊಂಡು ಬರೆ. ನೀನು ಏನು ಬರೆದರೂ ಅದನ್ನು ಕಲಬುರಗಿಯವರಿಗೆ ಹೇಳುತ್ತೇನೆ.

ನಿನ್ನ ತಂಗಿ
ಪ್ರಮಿಲಾ


ಅಫಜಲಪುರ
3 ಜುಲೈ 2024

ಪ್ರಮಿಲಾಗೆ ಜೈಭೀಮ.

ಪತ್ರ ತಲುಪಿತು. ಎರಡು ಸಲ ಓದಿದೆ.

ನನಗೆ ಏನೂ ಗೊತ್ತಾಗಿರಲಿಲ್ಲ. ನಾನು ಟೇಪು ಹಿಡಿಯುವವಳು, ಡಾಕ್ಟರಲ್ಲ. ಆ ವಯಸ್ಸಿನ ಹುಡುಗಿಯರು ಅಳತೆಗೆ ನಿಂತರೆ ನಾಚಿಕೊಂಡು ಯಾವುದಾದರೂ ಒಂದು ಕಡೆಗೆ ವಾಲಿಯೇ ನಿಲ್ಲುತ್ತಾರೆ.

ಸೊಲ್ಲಾಪುರದವರು ಹೇಳಿದ್ದು ಸರಿ ಅನಿಸುತ್ತದೆ. ಮಾಡಿಸಿಬಿಡು.

ಅಂಗಡಿಯಲ್ಲಿ ಶಾಲೆ ಬಟ್ಟೆಗಳ ರಾಶಿ ಬಿದ್ದಿದೆ. ಗುಂಡಿ ಹಚ್ಚುವ ಜೈತುನಬಿ, “ಯಾಕಕ್ಕಾ, ಮುಂಜಾನಿಂದ ಮಷೀನ್ ಮುಂದ ಸುಮ್ಮನ ಕುಂತಿ? ದಾರ ಹರದದೋ, ನೀ ಹರದೀಯೋ?” ಎಂದು ಕೇಳಿದಳು. ಏನೂ ಇಲ್ಲ ಅಂದೆ. ಮನೀಷಾಳಿಗೆ ನನ್ನ ನೆನಪು ಹೇಳು.

ಮರೆಮ್ಮ


ಆಳಂದ
19 ಆಗಸ್ಟ್ 2024

ಅಕ್ಕಾ,

ನಿನ್ನ ಪತ್ರ ಬಂದ ಮೇಲೆ ಉತ್ತರಿಸಲು ತಡವಾಯಿತು. ಹೇಳುವಂಥದ್ದೇನಾದರೂ ಆಗಲಿ ಎಂದು ಕಾಯುತ್ತಿದ್ದೆ.

ಇವರು ಜೇವರ್ಗಿಯಲ್ಲಿ ಲೈನ್‌ಮನ್ ಆಗಿರುವುದರಿಂದ ಊರಿನ ಮನೆಮನೆಯೂ ಗೊತ್ತು. ಇದೇ ಆಪರೇಷನ್ ಆದವರೊಬ್ಬರು ಅಲ್ಲಿದ್ದಾರೆಂದು ತಿಳಿದುಬಂತು. ಮಧುಮತಿ ಎಂದು ಹೆಸರು, ಬ್ಯಾಂಕಿನಲ್ಲಿ ಕೆಲಸ. ಹನ್ನೊಂದು ವರ್ಷದ ಹಿಂದೆ ಆಗಿದ್ದು. ಭಾನುವಾರ ಮನೀಷಾಳನ್ನೂ ಕರೆದುಕೊಂಡು ಹೋದೆವು. ಆಕೆ ಗೋಡೆಗೆ ಒರಗದೆ ನೆಟ್ಟಗೆ ಕುಳಿತಿದ್ದರು.

“ನಾ ಸುಳ್ಳ ಹೇಳಂಗಿಲ್ರಿ,” ಅಂದರು. “ನೆಟ್ಟಗ ನಿಂತೇನಿ, ಎರಡು ಮಕ್ಕಳ ಹಡದೇನಿ, ದಿನಾ ನೌಕರಿಗಿ ಹೋಗಾಕತ್ತೇನಿ. ಆದ್ರ ನೆಲದ ಮ್ಯಾಲ ಬಿದ್ದ ಚಮಚ ಎತ್ತಬೇಕಂದ್ರ ಒಂಟೆ ಕೂತಂಗ ಕೂಡಬೇಕು.” ಕೂತು ತೋರಿಸಿದರು ಕೂಡ. ಮನೀಷಾ ಬಿದ್ದು ಬಿದ್ದು ನಕ್ಕಳು. ಇಷ್ಟು ದಿನದಲ್ಲಿ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಹೊರಡುವಾಗ ನಾನು ಕೇಳಿದೆ, ಮಾಡಿಸಬೇಕೋ ಬೇಡವೋ ಎಂದು. “ನಂದು ಛಂದ ಆತು. ಅಂತ ನಿಮ್ಮಕಿದೂ ಆಗ್ತದಂತ ನಾ ಹ್ಯಾಂಗ ಹೇಳ್ಲಿ ಅಕ್ಕಾವ್ರ?” ಅಂದರು.

ಸೊಲ್ಲಾಪುರದಲ್ಲಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗ ಇವರಿಗೆ ಒಬ್ಬ ತಂದೆ ಸಿಕ್ಕಿದ್ದರು. ಮಗನಿಗೆ ಹದಿನಾರು ವರ್ಷ, ಗಾಲಿಯ ಕುರ್ಚಿಯಲ್ಲಿದ್ದ. ಆಪರೇಷನ್ನಿಗೆ ಹೋಗುವಾಗ ನಡೆದೇ ಹೋಗಿದ್ದನಂತೆ. ಡಾಕ್ಟರನ್ನು ಕೇಳಿದರೆ, ನೂರರಲ್ಲಿ ಒಬ್ಬರಿಗೆ ಹಾಗಾಗಬಹುದು, ಅದಕ್ಕಿಂತ ಕಡಿಮೆಯೇ ಎಂದರು. ಅದು ನಿಜವೇ ಇರಬೇಕು. ಆದರೆ ಆ ಒಬ್ಬನನ್ನು ಕಣ್ಣಾರೆ ನೋಡಿದ ಮೇಲೆ ಉಳಿದ ತೊಂಬತ್ತೊಂಬತ್ತು ಜನ ಕಾಣುವುದೇ ಇಲ್ಲ.

ಇನ್ನು ಫೋನಿನ ವೀಡಿಯೊಗಳು. ಒಬ್ಬರು ವ್ಯಾಯಾಮದಿಂದ ವಾಸಿ ಎನ್ನುತ್ತಾರೆ. ಇನ್ನೊಬ್ಬರು ವ್ಯಾಯಾಮದಿಂದ ಮೂಳೆ ನೇರವಾಗುವುದಿಲ್ಲ ಎನ್ನುತ್ತಾರೆ. ಬೆಲ್ಟು ಕಟ್ಟಿಸಿ ಎಂದು ಒಬ್ಬರು, ಇಷ್ಟು ಬಾಗಿದ ಮೇಲೆ ಬೆಲ್ಟು ದಂಡ ಎಂದು ಮತ್ತೊಬ್ಬರು. ನನ್ನ ಅತ್ತೆಗೆ ಮಾತ್ರ ಯಾವ ಅನುಮಾನವೂ ಇಲ್ಲ. ಗಾಣಗಾಪುರದ ಗುಡಿಗೆ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದರು. ಇವರು, “ಗ್ವಾಡಿಗಿ ಬುದ್ಧನ ಫೋಟೋ ಹಾಕಿ ಗಾಣಗಾಪುರಕ್ಕ ಹೊಂಟೀ ಏನಬೇ?” ಅಂದರೆ, “ಬುದ್ಧ ಬ್ಯಾಡ ಅಂದಾನೇನು? ಅಲ್ಲೇ ಅದಾನಲ್ಲ, ಕೇಳು,” ಅಂದರು.

ಕಡೆಗೆ ಕಲಬುರಗಿಯವರ ಮಾತೇ ಗೆದ್ದಿತು. ಅವರಿಗೆ ನಿನ್ನ ಮಾತು ಹೇಳಿದೆ, ನಮ್ಮಕ್ಕ ಟೇಲರ್, ಆರು ತಿಂಗಳಿಗೊಮ್ಮೆ ಅಳತೆ ತೆಗೆಯುತ್ತಾಳೆ, ಅವಳಿಗೂ ಏನೂ ಕಂಡಿಲ್ಲ ಎಂದು. ಅವರು ತಲೆಯಾಡಿಸಿದರು. “ಅಳತಿ ಮಾಡೋರ ಕೈಗೂ ಸಿಕ್ಕಿಲ್ಲಂದ್ರ ಭಾಳ ದಿನದಿಂದ ಹಿಂಗೇ ಇದ್ದೀತು. ಡಿಸೆಂಬರ್‌ತನಕ ನೋಡೂಣು,” ಎಂದು ಕಾರ್ಡಿನ ಮೇಲೆ ಬರೆದುಕೊಂಡರು. ಡಿಸೆಂಬರಿನಲ್ಲಿ ಮತ್ತೊಂದು ಎಕ್ಸರೇ. ಹಾಗೆಂದು ತೀರ್ಮಾನಿಸಿದ್ದೇವೆ. ತೀರ್ಮಾನಿಸಿದ ಮೇಲೆ ಸಮಾಧಾನವಾಗಬೇಕಿತ್ತು. ಆಗಿಲ್ಲ.

ಪ್ರಮಿಲಾ


ಅಫಜಲಪುರ
6 ಸೆಪ್ಟೆಂಬರ್ 2024

ಪ್ರಮಿಲಾ,

ಡಿಸೆಂಬರ್‌ವರೆಗೆ ಕಾಯಬೇಡ.

ಕಲಬುರಗಿಯವರು ಒಳ್ಳೆಯವರಿರಬಹುದು. ಆದರೆ ಅವರು ಅವಳನ್ನು ನೋಡಿದ್ದು ಎರಡು ಸಲ. ನನ್ನ ಮಾತನ್ನು ಅವರು ಕಾರ್ಡಿನಲ್ಲಿ ಬರೆದುಕೊಳ್ಳಬಾರದಿತ್ತು. ಟೇಲರ್ ಹೇಳಿದ್ದನ್ನು ಯಾರಾದರೂ ಬರೆದುಕೊಳ್ಳುತ್ತಾರೆಯೇ? ಸೊಲ್ಲಾಪುರಕ್ಕೆ ಹೋಗಿ ದಿನಾಂಕ ತೆಗೆದುಕೊಳ್ಳಿ. ನಾನು ಅಂಗಡಿ ಮುಚ್ಚಿ ಬಂದು ಆಸ್ಪತ್ರೆಯಲ್ಲಿ ಅವಳ ಹತ್ತಿರ ಇರುತ್ತೇನೆ, ಎಷ್ಟು ದಿನವಾದರೂ.

ಅಕ್ಟೋಬರಿನ ಧಮ್ಮಚಕ್ರ ದಿನಕ್ಕೆ ಅವಳಿಗೆ ಬಿಳಿ ಬಟ್ಟೆ ಹೊಲಿಯಬೇಕು. ಅಳತೆಗೆ ಕಳಿಸು. ಹಳೆಯ ಅಳತೆಯಲ್ಲಿ ಹೊಲಿಯಲಾಗುವುದಿಲ್ಲ.

ಮರೆಮ್ಮ


ಆಳಂದ
18 ಅಕ್ಟೋಬರ್ 2024

ಅಕ್ಕಾ,

ಬಿಳಿ ಚೂಡಿದಾರ ಚೆನ್ನಾಗಿ ಬಂದಿದೆ. ಬುದ್ಧ ವಿಹಾರದಲ್ಲಿ ಎಲ್ಲರೂ ಯಾರ ಹೊಲಿಗೆ ಎಂದು ಕೇಳಿದರು.

ಅಳತೆಗೆ ಬಂದಾಗ ನೀನು ಅವಳೊಂದಿಗೆ ಹೆಚ್ಚು ಮಾತಾಡಲಿಲ್ಲವಂತೆ. ನನಗೆ ಮಾತ್ರ ಮೂರು ಸಲ ಫೋನು ಮಾಡಿ, “ಮಾಡಸು, ಮಾಡಸು,” ಅಂದೆ. ಮನೀಷಾ ಪಕ್ಕದಲ್ಲೇ ಕುಳಿತಿದ್ದಳು. ಏನು ಮಾಡಿಸಬೇಕು ಎಂದು ನಾನು ಕೇಳುವ ಹಾಗಿರಲಿಲ್ಲ, ಏಕೆ ಎಂದೂ ಕೇಳುವ ಹಾಗಿರಲಿಲ್ಲ.

ಈಗ ಕೇಳುತ್ತೇನೆ. ಏಕೆ?

ನಾಲ್ಕು ತಿಂಗಳಿಂದ ಎಲ್ಲರೂ ನನಗೆ ತೀರ್ಮಾನ ಕೊಡುತ್ತಿದ್ದಾರೆ, ಕಾರಣ ಕೊಡುವವರು ಯಾರೂ ಇಲ್ಲ. ಸೊಲ್ಲಾಪುರದವರು ಎಕ್ಸರೇ ನೋಡಿ ಹೇಳಿದರು. ಕಲಬುರಗಿಯವರು ಲೆಕ್ಕ ಹಾಕಿ ಹೇಳಿದರು. ಮಧುಮತಿಯವರು ತಮ್ಮ ಬೆನ್ನಿನ ಮೇಲಿಂದ ಹೇಳಿದರು, ಅದೂ ತಮಗೆ ಗೊತ್ತಿದ್ದಷ್ಟೇ. ನೀನು ಯಾವುದರ ಮೇಲಿಂದ ಹೇಳುತ್ತೀ? ನಿನ್ನ ಮಾತು ಕೇಳಿ ಮಾಡಿಸಿ, ನಾಳೆ ಅವಳ ಕಾಲು ಅಲುಗಾಡದೆ ಹೋದರೆ, ನಾನು ಯಾರ ಮುಖ ನೋಡಲಿ? ಇವರಂತೂ, “ನಿಮ್ಮಕ್ಕ ಕೊಳ್ಳಾಗ ಟೇಪು ಹಾಕ್ಕೊಂಡಾಳಂದ್ರ ಡಾಕ್ಟರಕಿ ಆದಳೇನು?” ಎಂದು ಅಂದುಬಿಟ್ಟರು. ನನಗೆ ಸಿಟ್ಟು ಬಂತು.

ವಿಹಾರದ ಮೆಟ್ಟಿಲು ಹತ್ತುವಾಗ ಅವಳು ನಡುವೆ ಒಮ್ಮೆ ನಿಂತಳು. ಚಪ್ಪಲಿ ಸರಿಮಾಡಿಕೊಂಡ ಹಾಗೆ ಮಾಡಿದಳು. ಚಪ್ಪಲಿಯನ್ನು ಅವಳು ಕೆಳಗೇ ಬಿಟ್ಟು ಬಂದಿದ್ದಳು.

ಕಾರಣವಿದ್ದರೆ ಬರೆ. ಇಲ್ಲದಿದ್ದರೆ ದಯವಿಟ್ಟು ಸುಮ್ಮನಿರು. ನನ್ನ ತಲೆಯಲ್ಲಿ ಇನ್ನೊಂದು ಧ್ವನಿಗೆ ಜಾಗವಿಲ್ಲ.

ಪ್ರಮಿಲಾ


ಅಫಜಲಪುರ
27 ಅಕ್ಟೋಬರ್ 2024

ಪ್ರಮಿಲಾ,

ಕಾರಣ ಇದೆ. ಪತ್ರದ ಜೊತೆ ನನ್ನ ಅಳತೆ ಪುಸ್ತಕ ಕಳಿಸುತ್ತಿದ್ದೇನೆ. ಮನೀಷಾಳ ಹೆಸರಿರುವ ಪುಟಗಳಲ್ಲಿ ಬಟ್ಟೆಯ ಚೂರು ಇಟ್ಟಿದ್ದೇನೆ. ಉಳಿದ ಪುಟಗಳನ್ನು ತೆರೆಯಬೇಡ. ಅವು ಬೇರೆ ಹೆಂಗಸರ ಮೈ.

ಮೊದಲ ಸಲ ಕಂಡದ್ದು 2022ರ ಏಪ್ರಿಲ್‌ನಲ್ಲಿ, ಯೂನಿಫಾರ್ಮಿಗೆ ಅಳತೆ ತೆಗೆಯುವಾಗ. ಕಂಕುಳಿನಿಂದ ಸೊಂಟಕ್ಕೆ ಎಡಗಡೆ ಕಾಲು ಇಂಚು ಕಡಿಮೆ ಬಂತು. ಅಷ್ಟು ಹೆಚ್ಚುಕಡಿಮೆ ಎಲ್ಲರ ಮೈಯಲ್ಲೂ ಇರುತ್ತದೆ. ಎಡಗಡೆ ಅಷ್ಟು ಒಳಗೆ ಹಿಡಿದು ಹೊಲಿದೆ. ಆ ಅಕ್ಟೋಬರಿನಲ್ಲೂ ಅಷ್ಟೇ ಇತ್ತು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಅರ್ಧ ಇಂಚು. ಅದೇ ವರ್ಷ ಅಕ್ಟೋಬರಿನಲ್ಲಿ, ಬಿಳಿ ಬಟ್ಟೆಗೆ ಅಳೆದಾಗ, ಎಡಕ್ಕೆ ಮುಕ್ಕಾಲು ಇಂಚು. ಬಲಭುಜ ಮೇಲಾಗಿತ್ತು. ಟೇಪು ಹಿಡಿದ ಕೈಗೆ ಬೆನ್ನಿನ ಎಲುಬು ಬಲಕ್ಕೆ ಸರಿದದ್ದು ಗೊತ್ತಾಯಿತು. ಅವತ್ತು ನಾನು ಎಡಭುಜದ ಒಳಗೆ ಹತ್ತಿಯ ಪಟ್ಟಿ ಇಟ್ಟು ಹೊಲಿದೆ. ಕೆಳಗಿನ ಅಂಚನ್ನು ಎಡಬಲ ಬೇರೆ ಬೇರೆ ಉದ್ದಕ್ಕೆ ಕತ್ತರಿಸಿದೆ. ಹಾಕಿಕೊಂಡು ನಿಂತಾಗ ಕನ್ನಡಿಯಲ್ಲಿ ಎಲ್ಲ ಸಮ ಕಂಡಿತು. ಅದನ್ನು ನೋಡಿ ನನಗೆ ಹೆಮ್ಮೆಯಾಯಿತು. ಮುಚ್ಚಿಡದೆ ಹೇಳುತ್ತಿದ್ದೇನೆ, ಹೆಮ್ಮೆಯಾಯಿತು.

ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿ, “ದೊಡ್ಡವ್ವಾ, ಅವ್ವಗ ಹೇಳಬ್ಯಾಡ,” ಅಂದಳು. ಅವಳಿಗೆ ಗೊತ್ತಿತ್ತು, ಪ್ರಮಿಲಾ. ನಮ್ಮೆಲ್ಲರಿಗಿಂತ ಮೊದಲು ಗೊತ್ತಿದ್ದದ್ದು ಅವಳಿಗೇ. ನಾನು ಹೇಳುವುದಿಲ್ಲ ಅಂದೆ.

ನನಗೆ ಹೊಲಿಗೆ ಕಲಿಸಿದ ಗುಡುಸಾಬ ಉಸ್ತಾದರು ಒಂದು ಮಾತು ಹೇಳುತ್ತಿದ್ದರು: “ಮಂದಿ ಮೈಯಾನ ಐಬ ಕಂಡ್ರ ಕತ್ತರಿಗಿ ಹೇಳು, ಬಾಯಿಗಿ ಹೇಳಬ್ಯಾಡ.” ಮೂವತ್ತು ವರ್ಷ ಹಾಗೇ ನಡೆದಿದ್ದೇನೆ. ಈ ಊರಿನಲ್ಲಿ ಒಬ್ಬ ಹೆಂಗಸಿಗೆ ಒಂದು ಎದೆಯಿಲ್ಲ. ಅವಳ ಸೊಸೆಯಂದಿರಿಗೂ ಅದು ಗೊತ್ತಿಲ್ಲ. ಯಾರೆಂದು ನಿನಗೂ ಹೇಳುವುದಿಲ್ಲ. ಅದಕ್ಕೇ ಹೆಂಗಸರು ನನ್ನ ಹತ್ತಿರ ಬರುತ್ತಾರೆ. ಮನೀಷಾಳನ್ನೂ ಅವರಲ್ಲಿ ಒಬ್ಬಳೆಂದುಕೊಂಡೆ. ಅವಳು ಬೆಳೆಯುವ ಹುಡುಗಿ, ನಮ್ಮ ಮನೆಯವಳು ಎಂದು ಯೋಚಿಸಲಿಲ್ಲ. ಬಟ್ಟೆ ಸರಿಯಾದರೆ ಸರಿಯಾಯಿತು ಎಂದುಕೊಂಡೆ.

ಈ ಏಪ್ರಿಲ್‌ನಲ್ಲಿ ಒಂದು ಇಂಚು. ಈ ಅಕ್ಟೋಬರಿನಲ್ಲಿ ಒಂದೂವರೆ. ಅದು ನಿಂತಿಲ್ಲ. ನಡೆಯುತ್ತಲೇ ಇದೆ, ಈಗ ಮೊದಲಿಗಿಂತ ಬೇಗ ನಡೆಯುತ್ತಿದೆ.

ಜೂನ್‌ನಲ್ಲಿ ನೀನು ಕೇಳಿದಾಗ ಹೇಳಬೇಕಿತ್ತು. ಪತ್ರ ಓದಿದ ಕೂಡಲೇ ಪುಸ್ತಕ ತೆಗೆದು ಇಟ್ಟುಕೊಂಡೆ. ಇಷ್ಟು ದಿನ ಎಲ್ಲಿದ್ದೆ ಎಂದು ನೀನು ಕೇಳುತ್ತೀಯೆಂದು ಹೆದರಿ ಮತ್ತೆ ಒಳಗಿಟ್ಟೆ. ಆಪರೇಷನ್ ಮಾಡಿಸು ಎಂದು ಬರೆದರೆ ಸಾಕು, ಪುಸ್ತಕ ತೋರಿಸುವುದು ಬೇಕಾಗುವುದಿಲ್ಲ ಎಂದುಕೊಂಡೆ. ನಾನು ಗೊತ್ತಿಲ್ಲವೆಂದದ್ದನ್ನೇ ಡಾಕ್ಟರು ಬರೆದುಕೊಳ್ಳುತ್ತಾರೆಂದು ಹೇಗೆ ತಿಳಿಯಬೇಕಿತ್ತು? ತಿಳಿದ ಮೇಲೂ ಏಳು ವಾರ ಸುಮ್ಮನಿದ್ದೆ.

ಪುಸ್ತಕವನ್ನು ಡಾಕ್ಟರಿಗೆ ತೋರಿಸು.

ಮರೆಮ್ಮ


ಆಳಂದ
21 ನವೆಂಬರ್ 2024

ಪುಸ್ತಕ ತೋರಿಸಿದೆವು. ಕಲಬುರಗಿಯವರು ಪ್ರತಿ ಪುಟವನ್ನೂ ಓದಿದರು, ಒಂದು ಹಾಳೆಯ ಮೇಲೆ ಗೆರೆ ಎಳೆದರು, ಅವತ್ತೇ ಎಕ್ಸರೇ ತೆಗೆಸಿದರು. ಐವತ್ತೆಂಟು ಡಿಗ್ರಿ.

ಇದು ಜೂನ್‌ನಲ್ಲಿ ಕೈಯಲ್ಲಿದ್ದಿದ್ದರೆ ಕಾಯಲು ಹೇಳುತ್ತಿರಲಿಲ್ಲ ಎಂದರು. ಹೋದ ವರ್ಷದ ಆರಂಭದಲ್ಲೇ ಇದ್ದಿದ್ದರೆ ಬೆಲ್ಟಿನಲ್ಲೇ ನಿಲ್ಲಿಸಲು ನೋಡಬಹುದಿತ್ತು, ನಿಲ್ಲುತ್ತಿತ್ತೆಂದು ಖಾತ್ರಿಯಿಲ್ಲ, ಆದರೆ ನೋಡಬಹುದಿತ್ತು ಎಂದರು. ಬಯ್ಯಲಿಲ್ಲ. “ಇಷ್ಟು ನೀಟಾಗಿ ಯಾರು ಬರದಾರ್ರಿ?” ಎಂದು ಮಾತ್ರ ಕೇಳಿದರು. ಇವರು ಎದ್ದು ಹೊರಗೆ ಹೋದರು.

ಈಗ ಇಬ್ಬರು ಡಾಕ್ಟರೂ ಒಂದೇ ಮಾತು ಹೇಳುತ್ತಿದ್ದಾರೆ. ಇದಕ್ಕಾಗಿ ನಾನು ಐದು ತಿಂಗಳು ಹಂಬಲಿಸಿದ್ದೆ. ಡಿಸೆಂಬರ್ ಒಂಬತ್ತಕ್ಕೆ ಸೊಲ್ಲಾಪುರದಲ್ಲಿ ಆಪರೇಷನ್. ಬಾಗು ಹೆಚ್ಚಿದ್ದರಿಂದ ಸಲಾಕೆ ಇನ್ನೂ ಕೆಳಗಿನವರೆಗೆ ಬರುತ್ತದೆ. ಅಪಾಯವೂ ಮೊದಲು ಹೇಳಿದ್ದಕ್ಕಿಂತ ಹೆಚ್ಚು. ಎಷ್ಟು ಹೆಚ್ಚು ಎಂದು ನಾನು ಕೇಳಲಿಲ್ಲ.

ಮನೀಷಾಳನ್ನು ಕೂರಿಸಿಕೊಂಡು ಕೇಳಿದೆ.

“ದೊಡ್ಡವ್ವಗ ಹೇಳಬ್ಯಾಡ ಅಂದಿದ್ದೇನು?”

“ಹೂಂ.”

“ಯಾಕ?”

“ನೀ ಅಳ್ತಿ ಅಂತ.” ಆಮೇಲೆ ಅವಳೇ ಅಂದಳು, “ನೀ ಸಾಲ್ಯಾಗ ಕುಂತು ಬರಿಯೋ ಪತ್ರದಾಗ ನನ್ನ ಬೆನ್ನೇ ಇರ್ತದಂತ ಗೊತ್ತದ ನನಗ.”

ಆ ಹತ್ತಿಯ ಪಟ್ಟಿ ಒಗೆಯುವಾಗ ಎಷ್ಟೋ ಸಲ ನನ್ನ ಕೈಗೆ ಸಿಕ್ಕಿತ್ತು. ಅಕ್ಕ ಹೊಸ ಫ್ಯಾಷನ್ ಕಲಿತಿದ್ದಾಳೆ ಎಂದುಕೊಂಡು ಹಿಂಡಿ ಒಣಹಾಕಿದ್ದೆ. ಎಡಭುಜಕ್ಕೆ ಮಾತ್ರ ಏಕೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ನಿನ್ನನ್ನು ಬಯ್ಯಲು ಕುಳಿತಾಗಲೆಲ್ಲ ಇದು ಅಡ್ಡ ಬರುತ್ತದೆ. ಆದರೂ ನೀನು ಆಸ್ಪತ್ರೆಗೆ ಬರಬೇಡ.

ಪುಸ್ತಕ ನನ್ನ ಬಳಿಯೇ ಇರಲಿ. ಬೇರೆ ಪುಟ ತೆರೆದಿಲ್ಲ.

ಪ್ರಮಿಲಾ


ಆಳಂದ
28 ಡಿಸೆಂಬರ್ 2024

ಅಕ್ಕಾ,

ಇವರು ಫೋನಿನಲ್ಲಿ ನಿನಗೆ ಆಪರೇಷನ್ ಆಯಿತು ಎಂದಷ್ಟೇ ಹೇಳಿದ್ದಾರೆ. ಉಳಿದದ್ದನ್ನು ನಾನು ಬರೆಯುತ್ತೇನೆ.

ಏಳೂವರೆ ತಾಸು ಹಿಡಿಯಿತು. ಬೆನ್ನು ನೆಟ್ಟಗಾಗಿದೆ. ಅವಳು ಒಂದೂವರೆ ಇಂಚು ಎತ್ತರವಾಗಿದ್ದಾಳೆ. ನೀನು ಹೊಲಿದ ಬಟ್ಟೆಗಳನ್ನು ಹಾಕಿದರೆ ಈಗ ಅವೇ ಸೊಟ್ಟ ಕಾಣುತ್ತವೆ. ಎಲ್ಲ ತೆಗೆದಿಟ್ಟು, ಇವರ ಹಳೆಯ ಶರ್ಟು ಹಾಕುತ್ತಿದ್ದೇನೆ.

ಎಡಗಾಲಿನ ಪಾದ ಮೇಲೇಳುತ್ತಿಲ್ಲ. ಎಚ್ಚರವಾದ ದಿನವೇ ಗೊತ್ತಾಯಿತು. ಬೆರಳು ಆಡಿಸು ಎಂದರು, ಬಲಗಾಲಿನವು ಆಡಿದವು. ಎಡಗಾಲಿಗೆ ಅವಳು ಎಷ್ಟು ಹೊತ್ತು ಕಣ್ಣುಮುಚ್ಚಿ ಪ್ರಯತ್ನಿಸಿದಳೆಂದರೆ ಹಣೆ ಬೆವೆತಿತು. ಸೊಲ್ಲಾಪುರದವರು ಸ್ಕ್ಯಾನ್ ಮಾಡಿಸಿದರು. ಒಂದು ಸ್ಕ್ರೂ ನರದ ಹತ್ತಿರ ಇದೆ, ಒತ್ತುತ್ತಿದೆಯೋ ಇಲ್ಲವೋ ಹೇಳಲಾಗುವುದಿಲ್ಲ, ಬಾವಿನಿಂದಲೂ ಹೀಗಾಗುತ್ತದೆ, ಮೂರು ತಿಂಗಳಲ್ಲಿ ತಾನಾಗಿ ಬರುತ್ತದೆ ಎಂದರು. ಒಂದು ತಿಂಗಳು ಬಿಟ್ಟು ನೋಡುತ್ತೇವೆ, ಆಮೇಲೆ ಮಾತಾಡೋಣ ಎಂದು ಮನೆಗೆ ಕಳಿಸಿದರು. ಕಲಬುರಗಿಯವರು ಅದೇ ಸ್ಕ್ಯಾನ್ ನೋಡಿ, ಬೆರಳಿನಲ್ಲಿ ಒಂದಿಷ್ಟಾದರೂ ಸೆಳೆತ, ಅಂದರೆ ತಾನೇ ಜಗ್ಗುವ ಶಕ್ತಿ, ಇದ್ದರೆ ಕಾಯಿರಿ, ಏನೂ ಇಲ್ಲದಿದ್ದರೆ ಕಾಯಬೇಡಿ, ಬೇಗ ಮತ್ತೆ ತೆರೆದು ಆ ಸ್ಕ್ರೂ ತೆಗೆಯಬೇಕು, ತಡವಾದರೆ ನರ ಸತ್ತುಹೋಗುತ್ತದೆ ಎಂದರು.

ಮತ್ತೆ ಅಲ್ಲಿಗೇ ಬಂದು ನಿಂತಿದ್ದೇವೆ.

ಸೆಳೆತ ಇದೆಯೇ? ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ಡಾಕ್ಟರು ಇದೆ ಎಂದು ಬರೆದಿದ್ದಾರೆ. ಮರುದಿನ ಇನ್ನೊಬ್ಬರು ಇಲ್ಲ ಎಂದು ಬರೆದಿದ್ದಾರೆ. ಇವರು ಹೆಬ್ಬೆರಳು ಜಗ್ಗಿದ್ದನ್ನು ನೋಡಿದೆ ಎನ್ನುತ್ತಾರೆ. ಮನೀಷಾ, “ಬರಾಕತ್ತದ ಅವ್ವಾ, ಒಳಗ ಬರಾಕತ್ತದ,” ಎನ್ನುತ್ತಾಳೆ. ಮತ್ತೊಮ್ಮೆ ಕೊಯ್ಯುವುದು ಬೇಡವೆಂದು ಹಾಗೆನ್ನುತ್ತಾಳೋ, ನಿಜಕ್ಕೂ ಬರುತ್ತಿದೆಯೋ ನನಗೆ ತಿಳಿಯದು. ದಿನಕ್ಕೆ ಇಪ್ಪತ್ತು ಸಲ ನೋಡುತ್ತೇನೆ. ನನಗೆ ಬೇಕಾದದ್ದೇ ನನ್ನ ಕಣ್ಣಿಗೆ ಕಾಣುತ್ತದೆ, ಅದನ್ನು ನಾನು ನಂಬುವುದಿಲ್ಲ.

ಈ ಮನೆಯಲ್ಲಿ ಯಾರ ಕೈಗೂ ನಿನ್ನಷ್ಟು ಗೊತ್ತಾಗುವುದಿಲ್ಲ. ಕಾಲು ಇಂಚು ನಿನಗೇ ಮೊದಲು ಸಿಕ್ಕಿತ್ತು. ನಿನ್ನನ್ನು ಕ್ಷಮಿಸಿದ್ದೇನೆಂದು ಇದನ್ನು ಬರೆಯುತ್ತಿಲ್ಲ. ಬಾ. ಅವಳ ಪಾದ ಕೈಯಲ್ಲಿ ಹಿಡಿದು ನೋಡು. ಇದ್ದರೆ ಇದೆ ಎನ್ನು, ಇಲ್ಲದಿದ್ದರೆ ಇಲ್ಲ ಎನ್ನು. ಅದರ ಮೇಲೆ ನಾವು ನಡೆಯುತ್ತೇವೆ.

ಪ್ರಮಿಲಾ


ಅಫಜಲಪುರ
4 ಜನವರಿ 2025

ಪ್ರಮಿಲಾ,

ಇದನ್ನು ಆಳಂದ ಬಸ್ಸಿನ ಕಂಡಕ್ಟರ್ ಏಜಾಜನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಮಧ್ಯಾಹ್ನದೊಳಗೆ ನಿನ್ನ ಶಾಲೆಗೆ ಮುಟ್ಟಿಸುತ್ತೇನೆ ಎಂದಿದ್ದಾನೆ. ಫೋನು ಮಾಡಬಹುದಿತ್ತು. ಆದರೆ ನಿನ್ನ ಧ್ವನಿ ಕೇಳಿದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ.

ನಿನ್ನೆ ನಾನು ಹೇಳಿದ್ದು ಸುಳ್ಳು.

ನಾನು ಪಾದ ಹಿಡಿದಾಗ ಅವಳು ದಿಂಬಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. “ದೊಡ್ಡವ್ವಾ, ಬರಾಕತ್ತದಲ್ಲ?” ಅಂದಳು. ನೀನು ಬಾಗಿಲಿನಲ್ಲಿ ನಿಂತಿದ್ದೆ. ನಿನ್ನ ಗಂಡ ಸುಶಾಂತ ಉಸಿರು ಬಿಡದೆ ನಿಂತಿದ್ದ. ನಾನು, “ಹೂಂ, ಜಗ್ಗಾಕತ್ತದ,” ಅಂದೆ. ಅವಳು ನಕ್ಕಳು. ನೀನು ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸುಶಾಂತ ನನಗೆ ಚಹಾ ಮಾಡಿ ಕೊಟ್ಟ, ನನ್ನನ್ನು ಅಕ್ಕಾವ್ರೆ ಎಂದು ಕರೆದ. ಆ ಚಹಾ ಕುಡಿದು ಬಸ್ಸು ಹತ್ತಿದೆ.

ಅಲ್ಲಿ ಕುಳಿತಷ್ಟು ಹೊತ್ತೂ ಅವಳ ಕಾಲು ನನ್ನ ಮಡಿಲಲ್ಲಿತ್ತು. ಮಾತಾಡುತ್ತ, ನಗಿಸುತ್ತ, ಅವಳಿಗೆ ತಿಳಿಯದ ಹಾಗೆ ಮತ್ತೆ ಮತ್ತೆ ನೋಡಿದೆ. ಬೆರಳ ಬುಡದಲ್ಲಿ ಹೆಬ್ಬೆಟ್ಟು ಇಟ್ಟುಕೊಂಡು ಆಡಿಸು ಎಂದೆ, ಅವಳು ಆಡಿಸಿದಳು. ಅವಳು ಆಡಿಸುತ್ತಿದ್ದದ್ದು ತೊಡೆಯನ್ನು. ತೊಡೆ ಅಲುಗಿದರೆ ಪಾದವೂ ಅಲುಗುತ್ತದೆ, ದೂರದಿಂದ ಬೆರಳು ಜಗ್ಗಿದ ಹಾಗೆ ಕಾಣುತ್ತದೆ. ಸುಶಾಂತ ಕಂಡದ್ದೂ ಅದೇ ಇರಬೇಕು. ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು ನೋಡಿದೆ. ಆಗ ಏನೂ ಇಲ್ಲ.

ಅವಳ ಮುಂದೆ ಹೇಳಲಾಗಲಿಲ್ಲ. ಇನ್ನು ಅವಳು ನನ್ನೊಂದಿಗೆ ಮಾತಾಡದಿರಬಹುದು, ಮತ್ತೆ ಕೊಯ್ಯಿಸಿದವಳು ದೊಡ್ಡವ್ವ ಎಂದುಕೊಳ್ಳಬಹುದು. ಹಾಗೇ ಹೇಳು ಅವಳಿಗೆ. ತೆರೆದ ಮೇಲೂ ಕಾಲು ಬರುತ್ತದೆಂದು ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿರಲಾರದು. ನನಗೆ ಗೊತ್ತಿರುವುದು ಇಷ್ಟೇ, ಇದನ್ನು ಬರೆಯುತ್ತಿದ್ದೇನೆ.

ಇವತ್ತೇ ಆಸ್ಪತ್ರೆಗೆ ಹೊರಡಿ. ಡಾಕ್ಟರು ಕೇಳಿದರೆ ಹೇಳು: ಎಡಗಾಲು. ಹೆಬ್ಬೆರಳಿನಲ್ಲಿ ಇಲ್ಲ. ಉಳಿದ ನಾಲ್ಕು ಬೆರಳಿನಲ್ಲಿ ಇಲ್ಲ. ಪಾದ ಮೇಲಕ್ಕೆ ಬರುವುದಿಲ್ಲ. ಹನ್ನೊಂದು ಸಲ ನೋಡಿದೆ.

ಮರೆಮ್ಮ